ನಂದಾಳನ್ನು ಯಾರು ಕೇಳಿದರು?

ಮೂಡಲಗಿ
೨೬ ಜೂನ್ ೨೦೦೬

ದಾದಾ,

ಜೈ ಜಿನೇಂದ್ರ. ಕುಶಲ ಕೇಳಿ ಶುರು ಮಾಡುವ ಮನಸ್ಸು ಇವತ್ತು ಇಲ್ಲ. ಸಿಟ್ಟು ಬಂದಿದೆ, ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಫೋನು ಮಾಡಬಹುದಿತ್ತು. ಆದರೆ ನಮ್ಮ ಮನೆಯ ಫೋನು ಪಡಸಾಲೆಯ ನಡುವೆ ಇದೆ. ನಾನು ಏನು ಕೇಳಿದರೂ ನೀನು "ಹೂಂ, ಆತು, ಆಮ್ಯಾಲೆ ಮಾತಾಡೂಣು" ಎಂದು ಇಟ್ಟುಬಿಡುತ್ತೀ. ಕಾಗದವನ್ನು ಹಾಗೆ ಇಟ್ಟುಬಿಡಲು ಆಗುವುದಿಲ್ಲ.

ಇವತ್ತು ಬೆಳಿಗ್ಗೆ ನಮ್ಮ ಸಂಸ್ಥೆಯ ಕಚೇರಿಗೆ ಕಾಡವ್ವ ಬಂದಿದ್ದಳು. ನಮ್ಮ ತೋಟದ ಹಳ್ಳದ ದಂಡೆಯ ಕಾಡವ್ವ. ಮೊಮ್ಮಗಳು ನಂದಾಳ ಔಷಧಕ್ಕೆಂದು ತಿಂಗಳಿಗೊಮ್ಮೆ ಅವಳನ್ನು ಕರೆದುಕೊಂಡು ಘೋಡಗೇರಿಯವರೆಗೆ ನಡೆದು, ಅಲ್ಲಿಂದ ಬಸ್ಸು ಹಿಡಿದು ಬರುತ್ತಾಳೆ. ಮಗ ಯಲ್ಲಾಲಿಂಗ ಸತ್ತು ಮೂರು ವರ್ಷವಾಯಿತು, ಸೊಸೆ ಹೋಗಿ ಇನ್ನೂ ವರ್ಷ ತುಂಬಿಲ್ಲ. ಇಬ್ಬರನ್ನೂ ಒಯ್ದ ಎಚ್‌ಐವಿ ಆ ಕೂಸಿನ ರಕ್ತದಲ್ಲೂ ಇದೆ ಎಂಬುದು ತೋಟದ ಮನೆಗಳಿಗೆಲ್ಲ ಗೊತ್ತು. ನಿನಗೂ ಗೊತ್ತು.

ನಾನು ನಂದಾಳನ್ನು ಕೇಳಿದೆ: "ಸಾಲಿ ತಪ್ಪಿಸಿ ಬಂದ್ಯಲ್ಲ, ಮಾಸ್ತರು ಬೈಯಂಗಿಲ್ಲೇನ?"

"ನಂಗ ಯಾರೂ ಬೈಯಂಗಿಲ್ರಿ ಅಕ್ಕಾರ. ನಾ ಹೊರಗ ಕುಂಡ್ರತೇನ್ರಿ. ಬಂದ್ರೂ ಅಷ್ಟ, ಬರದಿದ್ರೂ ಅಷ್ಟ."

ಒಂಬತ್ತು ವರ್ಷದ ಹುಡುಗಿ ಇದನ್ನು ಅಳುತ್ತಾ ಹೇಳಲಿಲ್ಲ. ಹವಾಮಾನ ಹೇಳಿದ ಹಾಗೆ ಹೇಳಿದಳು.

ಉಳಿದದ್ದನ್ನು ಕಾಡವ್ವ ಹೇಳಿದಳು. ಈ ಸಲ ಶಾಲೆ ತೆರೆದ ದಿನದಿಂದ ನಂದಾಳನ್ನು ವರಾಂಡಾದಲ್ಲಿ ಕೂಡ್ರಿಸಿದ್ದಾರಂತೆ. ಬಿಸಿಯೂಟಕ್ಕೆ ತಾಟು ಮನೆಯಿಂದಲೇ ತರಬೇಕಂತೆ. ತಾಟಿಗೆ ಸವಟು ತಾಗದ ಹಾಗೆ ಮೇಲಿನಿಂದ ಅನ್ನ ಎತ್ತಿ ಹಾಕುತ್ತಾರಂತೆ. ಹೋದ ವಾರ ಹೆಡ್‌ಮಾಸ್ತರು, "ಸ್ವಲ್ಪ ದಿನ ಮನ್ಯಾಗ ಇರ್ಲಿ ಬಿಡವಾ, ಅಧ್ಯಕ್ಷರ ಒಪ್ಪಿಗಿನೂ ಐತಿ" ಎಂದರಂತೆ.

ನಮ್ಮ ತೋಟದ ಶಾಲೆಯ ಸಮಿತಿಗೆ ಅಧ್ಯಕ್ಷ ನೀನು. ಒಪ್ಪಿಗೆ ನಿನ್ನದೇ? ಅಥವಾ ಮಾಸ್ತರು ನಿನ್ನ ಹೆಸರು ಸುಮ್ಮನೆ ಬಳಸಿದರೇ? ಎರಡನೆಯದೇ ಇರಲಿ ಎಂದುಕೊಂಡು ಈ ಕಾಗದ ಹಾಕುತ್ತಿದ್ದೇನೆ. ಬೇಗ ಬರೆ.

ನಿನ್ನ ತಂಗಿ
ಆರತಿ

---

ಉಪಾಧ್ಯೆ ತೋಟ
೯ ಜುಲೈ ೨೦೦೬

ಚಿ. ಸೌ. ಆರತಿಗೆ,

ನಿನ್ನ ಕಾಗದ ಮುಟ್ಟಿತು. ಇಲ್ಲಿ ಮಳೆ ಚೆನ್ನಾಗಿ ಆಗಿದೆ. ಅವ್ವನ ಮೊಣಕಾಲು ನೋವು ಇದ್ದ ಹಾಗೇ ಇದೆ. ನಿನ್ನ ತಂಗಿ ರೂಪಾಲಿಗೆ ಗೋಕಾಕದ ಸಂಬಂಧ ಬಹುಮಟ್ಟಿಗೆ ಕೂಡಿದೆ. ಹುಡುಗ ತಂದೆಯ ಜೊತೆ ಬಟ್ಟೆ ಅಂಗಡಿ ನೋಡಿಕೊಳ್ಳುತ್ತಾನೆ, ಓದಿದವನು, ಮಾತು ಮೆತ್ತಗೆ. ದೀಪಾವಳಿ ಆದ ಮೇಲೆ ಮದುವೆ ಎಂದಿದ್ದಾರೆ.

ನಂದಾಳ ವಿಷಯ. ನಾನು ಅವಳನ್ನು ಶಾಲೆಯಿಂದ ತೆಗೆದಿಲ್ಲ. ಹೆಸರು ಹಾಜರಿ ಪಟದಲ್ಲಿ ಇದೆ. ಶೆಟ್ಟೆವ್ವ ಮತ್ತೆ ಹತ್ತು ಮನೆಯವರು ಕೂಡಿಕೊಂಡು ಬಂದು, ಆ ಹುಡುಗಿ ಒಳಗೆ ಕುಳಿತರೆ ನಮ್ಮ ಮಕ್ಕಳನ್ನು ಕಳಿಸುವುದಿಲ್ಲ ಎಂದರು. ಮಕ್ಕಳ ಸಂಖ್ಯೆ ಬಿದ್ದರೆ ಮಾಸ್ತರೊಬ್ಬರನ್ನು ವರ್ಗ ಮಾಡುತ್ತಾರೆ, ಆಮೇಲೆ ಶಾಲೆಯನ್ನೇ ಮುಚ್ಚಿದರೂ ಮುಚ್ಚಿಯಾರು. ಇಡೀ ಶಾಲೆ ಉಳಿಯಲಿ ಎಂದು, ಒಬ್ಬಳು ಕೆಲವು ದಿನ ಹೊರಗೆ ಕೂಡಲಿ ಎಂದೆ. ಜನ ತಣ್ಣಗಾದ ಮೇಲೆ ನೋಡೋಣ ಎಂದೆ. ಇದರಲ್ಲಿ ಕ್ರೌರ್ಯವೇನಿದೆ ನನಗೆ ತಿಳಿಯದು. ಊರು ನಡೆಸುವುದು ಕಚೇರಿಯಲ್ಲಿ ಕುಳಿತು ಭಾಷಣ ಮಾಡಿದ ಹಾಗಲ್ಲ.

ಇನ್ನೊಂದು ಮಾತು. ನಿಮ್ಮ ಸಂಸ್ಥೆಯ ಜೀಪಿನಲ್ಲಿ ಸದ್ಯಕ್ಕೆ ತೋಟಕ್ಕೆ ಬರಬೇಡ. ಜೀಪಿನ ಮೇಲೆ ಏಡ್ಸ್ ಎಂದು ಬರೆದದ್ದನ್ನು ಎಲ್ಲರೂ ಓದುತ್ತಾರೆ. ಗೋಕಾಕದವರ ಕಡೆಯ ಜನ ಆಗಾಗ ಬಂದು ಹೋಗುತ್ತಿದ್ದಾರೆ. ಮದುವೆ ಮುಗಿಯುವವರೆಗೆ ಸ್ವಲ್ಪ ತಾಳು. ಬರುವುದಾದರೆ ಬಸ್ಸಿಗೆ ಬಾ.

ನಿನ್ನ ವೈನಿ, ಮಕ್ಕಳು ನೆನೆಸುತ್ತಾರೆ.

ನಿನ್ನ ಅಣ್ಣ
ಅರಿಹಂತ

---

ಮೂಡಲಗಿ
೨೦ ಜುಲೈ ೨೦೦೬

ದಾದಾ,

ಚಿ. ಸೌ. ಎಂದು ಬರೆದಿದ್ದೀ. ಸೌಭಾಗ್ಯವತಿ. ಧನ್ಯಕುಮಾರರು ಹೋಗಿ ಎರಡು ವರ್ಷವಾಯಿತು, ನೀನೇ ಹುಕ್ಕೇರಿಗೆ ಬಂದು ಹೆಗಲು ಕೊಟ್ಟಿದ್ದೀ. ಕೈತಪ್ಪಿ ಬರೆದಿಯೋ, ಅಥವಾ ಕಾಗದ ಯಾರ ಕಣ್ಣಿಗಾದರೂ ಬಿದ್ದರೆ ಇರಲಿ ಎಂದು ಬರೆದಿಯೋ?

ನಾವಿಬ್ಬರೂ ಬಾಯಿಬಿಟ್ಟು ಆಡದ ಮಾತನ್ನು ಇವತ್ತು ಬರೆದುಬಿಡುತ್ತೇನೆ. ನನ್ನ ಗಂಡ ಸತ್ತದ್ದು ಕಾಮಾಲೆಯಿಂದಲ್ಲ. ಯಲ್ಲಾಲಿಂಗನನ್ನು ಕೊಂದ ರೋಗವೇ ಅವರನ್ನೂ ಕೊಂದಿತು. ನನ್ನ ರಕ್ತದಲ್ಲೂ ಅದೇ ಇದೆ, ನಂದಾಳ ರಕ್ತದಲ್ಲಿ ಇರುವ ಹಾಗೆ. ಅತ್ತೆ ಮನೆಯವರು, ರೋಗ ಮನೆಗೆ ತಂದವಳು ನಾನೇ ಎಂದು ಹೇಳಿ ಹದಿಮೂರನೆಯ ದಿನ ಕಳೆಯುತ್ತಲೇ ಹುಕ್ಕೇರಿ ಬಸ್‌ಸ್ಟ್ಯಾಂಡಿನವರೆಗೆ ಬಂದು ಹತ್ತಿಸಿ ಹೋದರು. ನೀನು ಹಾಗೆ ಮಾಡಲಿಲ್ಲ. ಕೋಣೆ ಕೊಟ್ಟೆ, ಡಾಕ್ಟರ ಕಡೆ ಕರೆದುಕೊಂಡು ಹೋದೆ, ಅದನ್ನು ನಾನು ಮರೆತಿಲ್ಲ. ಆದರೆ ವೈನಿ, ನಿನ್ನ ಹೆಂಡತಿ, ನನ್ನ ತಾಟು, ಲೋಟ ಬೇರೆ ತೆಗೆದು ಹಿತ್ತಲ ಗೋಡೆಯ ಮಾಡದಲ್ಲಿ ಇಟ್ಟಳು. ನೀನು ದಿನಾ ಅದನ್ನು ನೋಡಿದೆ, ಬಾಯಿ ತೆರೆಯಲಿಲ್ಲ. ಅದಕ್ಕೇ ನಾನು ಮೂಡಲಗಿಗೆ ಬಂದೆ. ನೀನು ತೋಟದ ಜನಕ್ಕೆ ತಂಗಿಗೆ ನೌಕರಿ ಹತ್ತಿದೆ ಎಂದೆ.

ನನ್ನ ತಾಟು ಮಾಡದಲ್ಲಿ, ನಂದಾಳ ತಾಟು ವರಾಂಡಾದಲ್ಲಿ. ಇದರಲ್ಲಿ ಕ್ರೌರ್ಯವೇನಿದೆ ಎಂದು ಕೇಳುತ್ತೀ.

ಅವಳು ಕೆಮ್ಮಿದರೆ, ಸೀನಿದರೆ, ಪಕ್ಕದಲ್ಲಿ ಕುಳಿತು ಉಂಡರೆ ಯಾರಿಗೂ ಏನೂ ಆಗುವುದಿಲ್ಲ. ಇದು ನಿನಗೆ ಗೊತ್ತು. ನನ್ನನ್ನು ಕರೆದುಕೊಂಡು ಹೋದ ದಿನವೇ ಡಾಕ್ಟರು ನಿನ್ನ ಮುಂದೆ ಬಿಡಿಸಿ ಹೇಳಿದ್ದರು. ಗೊತ್ತಿಲ್ಲದ ಶೆಟ್ಟೆವ್ವನ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಗೊತ್ತಿದ್ದೂ ಸುಮ್ಮನೆ ಕುಳಿತವನ ಮೇಲೆ ಇದೆ.

ಇನ್ನು ನೀನು ಯಾವುದಕ್ಕೆ ಹೆದರುತ್ತೀ ಎಂಬುದೂ ನನಗೆ ಗೊತ್ತು. ನಂದಾಳ ಪರವಾಗಿ ಮಾತಾಡಿದರೆ, ಇವನಿಗೇಕೆ ಇಷ್ಟು ಕಾಳಜಿ ಎಂದು ಜನ ಕೇಳುತ್ತಾರೆ. ಕೇಳಲಿ. ನನ್ನ ಹೆಸರು ಹೇಳು. ನನ್ನ ತಂಗಿಗೂ ಅದೇ ಇದೆ, ನಮ್ಮ ಮನೆಯಲ್ಲಿ ಯಾರಿಗೂ ಹತ್ತಿಲ್ಲ ಎಂದು ಹೇಳು. ನಾನೇ ಹೇಳುತ್ತಿದ್ದೇನೆ, ಹೇಳು.

ಕಾಡವ್ವ ಮೊನ್ನೆ ಮತ್ತೆ ಬಂದಿದ್ದಳು, ನಂದಾಳಿಗೆ ಜ್ವರ. ಕಚೇರಿಯ ಬೆಂಚಿನ ಮೇಲೆ ಮಲಗಿಕೊಂಡೇ ನಂದಾ ನನ್ನನ್ನು ಕೇಳಿದಳು: "ಅಕ್ಕಾರ, ಮೂರನೇತ್ತಿ ಪುಸ್ತಕದಾಗ ಪಾಠ ಎಲ್ಲಿ ಮಟಾ ಬಂದೈತ್ರಿ?" ನಿನ್ನ ಮಗನೂ ಮೂರನೆಯ ಇಯತ್ತೆಯೇ ಅಲ್ಲವೇ? ಅವನನ್ನು ಕೇಳಿ ಬರೆ.

ಆರತಿ

---

ಮೂಡಲಗಿ
೧೧ ಆಗಸ್ಟ್ ೨೦೦೬

ದಾದಾ,

ಮೂರು ವಾರ ಕಳೆದರೂ ಉತ್ತರವಿಲ್ಲ. ಇದನ್ನು ಕಾರ್ಡಿನ ಮೇಲೆ ಬರೆಯುತ್ತಿದ್ದೇನೆ. ಪೋಸ್ಟಿನ ಅಲ್ಲಪ್ಪ ಓದಿದರೆ ಓದಲಿ. ಹದಿನೈದಕ್ಕೆ ಝಂಡಾ ಹಾರಿಸಿದ ಮೇಲೆ ಶಾಲೆಯಲ್ಲಿ ಪಾಲಕರ ಸಭೆ ಇದೆಯಂತೆ. ನಾನು ಬರುತ್ತೇನೆ. ಸಂಸ್ಥೆಯ ಜೀಪಿನಲ್ಲೇ ಬರುತ್ತೇನೆ. ನೀನು ಹೇಳದಿದ್ದರೆ ನಾನೇ ಹೇಳುತ್ತೇನೆ.

ಆರತಿ

---

ಉಪಾಧ್ಯೆ ತೋಟ
೧೮ ಆಗಸ್ಟ್ ೨೦೦೬

ಆರತಿ,

ಹೊಳೆ ತುಂಬಿ ಸೇತುವೆ ಮೇಲೆ ನೀರು ಬಂದದ್ದರಿಂದ ನಿನಗೆ ಬರಲಾಗಲಿಲ್ಲ ಎಂದು ತಿಳಿದೆ. ನೀನು ಇರಬೇಕಿತ್ತು. ಇಲ್ಲದ್ದೇ ಒಳ್ಳೆಯದಾಯಿತೋ ಏನೋ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಝಂಡಾ ಆಯಿತು, ಮಕ್ಕಳಿಗೆ ಪೇಢೆ ಹಂಚಿದರು. ಕಾಡವ್ವ ನಂದಾಳ ಕೈ ಹಿಡಿದುಕೊಂಡು ಬಂದು ಗೇಟಿನ ಹತ್ತಿರ ನಿಂತಿದ್ದಳು. ನಂದಾ ತೊಳೆದ ಸಮವಸ್ತ್ರ ಹಾಕಿಕೊಂಡಿದ್ದಳು. ಅವಳಿಗೆ ಯಾರೂ ಪೇಢೆ ಕೊಡಲಿಲ್ಲ, ನಾನೂ ಕೊಡಲಿಲ್ಲ. ಸಭೆ ಕೂಡಿದಾಗ ಹೆಡ್‌ಮಾಸ್ತರು, ಮೇಲಿನಿಂದ ಯಾರಾದರೂ ಕೇಳಿದರೆ ತೊಂದರೆಯಾಗುತ್ತದೆ, ಒಂದು ತೀರ್ಮಾನಕ್ಕೆ ಬನ್ನಿ ಎಂದರು. ಶೆಟ್ಟೆವ್ವ ಎದ್ದಳು.

"ತೀರ್ಮಾನ ಏನ್ರಿ ಅದರಾಗ? ಆ ಹುಡುಗಿ ಅಷ್ಟ ಅಲ್ಲ, ಆ ಬ್ಯಾನಿ ಇರೂ ಮನ್ಯಾಗಿನ ಯಾ ಮಗೂನೂ ಈ ಸಾಲಿಗಿ ಬರಬಾರ್ದು. ಬರಕೋರಿ ಹಂಗಂತ."

ಹಿಂದಿನಿಂದ ಒಂದು ದನಿ ಬಂತು. "ಹಂಗಾರ ಅರಿಹಂತನ ಇಬ್ಬರೂ ಮಕ್ಕಳ್ನೂ ಹೊರಗ ಹಾಕ್ರಿ."

ತಿರುಗಿ ನೋಡಿದರೆ ನಮ್ಮ ಅವ್ವ. ಮೊಣಕಾಲು ನೋವಿನ ಅವ್ವ, ರೂಪಾಲಿಯ ಹೆಗಲು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಅವಳು ಮನೆಯಿಂದ ಯಾವಾಗ ಹೊರಟಳೋ ನನಗೆ ಗೊತ್ತಿಲ್ಲ. ನಿನ್ನ ಕಾರ್ಡನ್ನು ಅಲ್ಲಪ್ಪನೇ ಅವಳಿಗೆ ಓದಿ ಹೇಳಿದ್ದನಂತೆ.

ನಾನು "ಅವ್ವಾ, ಸುಮ್ಮನಿರು" ಎಂದೆ.

"ನೀ ಸುಮ್ಮನ ಇದ್ದೀಯಲ್ಲ, ಸಾಕಲ್ಲೇನು? ಇಬ್ಬರೂ ಯಾಕ ಸುಮ್ಮನ ಇರಬೇಕು?" ಎಂದಳು. ಆಮೇಲೆ ಶೆಟ್ಟೆವ್ವನ ಕಡೆ ತಿರುಗಿದಳು. "ನನ್ನ ಹಿರೇಮಗಳು ಆರತಿಗೂ ಅದ ಬ್ಯಾನಿ ಐತಿ. ಗಂಡನ ಕಡಿಂದ ಬಂದೈತಿ. ಎರಡ ವರ್ಷ ಆತು. ಆಕಿ ಬಂದಾಗೆಲ್ಲ ನಾನೂ ಆಕಿ ಒಂದ ತಾಟಿನ್ಯಾಗ ಉಣತೇವಿ. ಅದ ಕೈಲೆ ನಿನ್ನ ಮಗಳ ಬಾಣಂತನಕ್ಕ ಅಂಟಿನುಂಡಿ ಕಟ್ಟಿ ಕೊಟ್ಟೇನಿ. ನೀನೂ ತಿಂದಿ, ನಿನ್ನ ಮಗಳೂ ತಿಂದಳು. ಏನಾತು ಹೇಳ?"

ಶೆಟ್ಟೆವ್ವ ಕುಳಿತುಬಿಟ್ಟಳು. ಎಲ್ಲರೂ ನನ್ನನ್ನು ನೋಡುತ್ತಿದ್ದರು. ಆಗ ನಾನು ಎದ್ದು, ನಂದಾ ನಾಳೆಯಿಂದ ಒಳಗೆ ಕೂಡುತ್ತಾಳೆ ಎಂದೆ. ಇದನ್ನು ನನ್ನ ಧೈರ್ಯ ಎಂದು ತಿಳಿಯಬೇಡ. ಬಚ್ಚಿಡಲು ನನ್ನ ಹತ್ತಿರ ಏನೂ ಉಳಿದಿರಲಿಲ್ಲ, ಅಷ್ಟೇ.

ಗದ್ದಲ ಶುರುವಾಯಿತು. ಕೆಲವರು ಎದ್ದು ಹೋದರು. ಬಿಸಿಯೂಟ ಮಾಡುವ ಗೌರಕ್ಕ ಇಷ್ಟು ಹೊತ್ತು ಅಡಿಗೆ ಕೋಣೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಅವಳು ಸೆರಗಿಗೆ ಕೈ ಒರೆಸಿಕೊಂಡು ಮುಂದೆ ಬಂದಳು. "ನಾಳಿಂದ ನಾ ಎಲ್ಲಾರ್ನೂ ಒಂದ ಪಂಕ್ತಿಗಿ ಕುಂಡ್ರಿಸಿ ನೀಡಾಕಿ. ಮ್ಯಾಲಿಂದ ಎತ್ತಿ ಹಾಕು ಅಂತ ನನಗ ಹೇಳಿದ್ರಲ್ಲ, ನಾಯಿಗೂ ಯಾರೂ ಹಂಗ ಹಾಕಂಗಿಲ್ರಿ. ಬ್ಯಾಡಾದವ್ರು ಬುತ್ತಿ ಕಟ್ಟಿ ಕಳಸ್ರಿ" ಎಂದಳು.

ಮರುದಿನ ಒಳಗೆ ಬಂದ ಮಕ್ಕಳು ಅರ್ಧಕ್ಕಿಂತ ಕಡಿಮೆ. ನಂದಾ ಒಳಗೆ ಕುಳಿತಳು. ನನ್ನ ಮಗನ ಬಾಜೂ ಕುಳಿತಳು. ನಿನ್ನ ವೈನಿ ಎರಡು ದಿನದಿಂದ ನನ್ನ ಸಂಗಡ ಮಾತಾಡುತ್ತಿಲ್ಲ.

ಗೋಕಾಕದಿಂದ ಇನ್ನೂ ಏನೂ ಸುದ್ದಿ ಬಂದಿಲ್ಲ.

ಅರಿಹಂತ

---

ಮೂಡಲಗಿ
೩ ಸೆಪ್ಟೆಂಬರ್ ೨೦೦೬

ದಾದಾ,

ಈ ಕಾಗದವನ್ನು ಅವ್ವನಿಗೂ ಓದಿ ಹೇಳು. ಬಿಡದೆ ಓದು.

ಹೇಳು ಎಂದು ಬರೆದವಳು ನಾನೇ. ಬರೆಯುವಾಗ ಸಲೀಸಾಗಿ ಬರೆದಿದ್ದೆ. ನಿನ್ನ ಕಾಗದದಲ್ಲಿ "ನನ್ನ ಹಿರೇಮಗಳು ಆರತಿಗೂ" ಎಂಬಲ್ಲಿಗೆ ಬಂದಾಗ ಓದುವುದು ನಿಲ್ಲಿಸಿ ಕಾಗದ ಮಡಚಿ ಇಟ್ಟೆ. ನಾನು ಅಲ್ಲಿ ಇಲ್ಲದಾಗ, ಪೇಢೆ ತಿನ್ನುತ್ತಾ ಕುಳಿತ ಜನದ ಮುಂದೆ ನನ್ನ ದೇಹದ ಸುದ್ದಿ ಬಿತ್ತು. ನಾನು ಇದ್ದು, ನನ್ನ ಬಾಯಿಂದ, ನನ್ನ ಮಾತಿನಲ್ಲಿ ಹೇಳಬೇಕೆಂದಿದ್ದೆ. ಅವ್ವನ ಮೇಲೆ ನನಗೆ ಸಿಟ್ಟು ಬಂತು. ಒಂದು ದಿನ ಇತ್ತು. ಆಮೇಲೆ ಅವಳು ಮೊಣಕಾಲು ಎಳೆದುಕೊಂಡು ಅಷ್ಟು ದೂರ ನಡೆದದ್ದು ಕಣ್ಣಿಗೆ ಕಟ್ಟಿತು. ಆದರೂ ಆ ಒಂದು ದಿನದ ಸಿಟ್ಟು ಸುಳ್ಳಲ್ಲ. ಅವಳಿಗೂ ತಿಳಿದಿರಲಿ.

ಮಾತು ಹೊಳೆ ದಾಟಿ ಮೂಡಲಗಿಗೂ ಬಂದಿತು. ಸಂತೆಯಲ್ಲಿ ನಮ್ಮ ಕಡೆಯ ಯಾರೋ ಹೇಳಿದ್ದಾರೆ. ನನ್ನ ಕೋಣೆಯ ಮಾಲೀಕ ಬಾಗಿಲಲ್ಲಿ ನಿಂತು, ಒಳಗೆ ಕಾಲಿಡದೆ, "ನಮ್ಮ ಮನ್ಯಾಗ ಸಣ್ಣ ಹುಡುಗ್ರು ಅದಾವ್ರಿ ಬಾಯಾರ, ತಪ್ಪ ತಿಳಕೋಬ್ಯಾಡ್ರಿ" ಎಂದ. ತಪ್ಪು ತಿಳಿಯಬೇಡಿ ಎಂದು ಹೇಳುವವರೇ ಹೆಚ್ಚು, ತಪ್ಪು ಮಾಡುವುದಿಲ್ಲ ಎನ್ನುವವರು ಸಿಗುವುದಿಲ್ಲ. ಅವನ ಸಣ್ಣ ಮಗಳಿಗೆ ನಾನು ದಿನಾ ಸಂಜೆ ಲೆಕ್ಕ ಹೇಳಿಕೊಡುತ್ತಿದ್ದೆ. ಸಾಮಾನು ತೆಗೆದುಕೊಂಡು ಹೊರಡುವಾಗ ಅವಳು ಕಿಟಕಿಯಿಂದ ನೋಡುತ್ತಿದ್ದಳು, ಮನೆಯವರು ಕೈ ಎತ್ತಲು ಬಿಡಲಿಲ್ಲ.

ಈಗ ಕಚೇರಿಯ ಹಿಂದಿನ ಕೋಣೆಯಲ್ಲಿದ್ದೇನೆ. ತೋಟಕ್ಕೆ ಬಂದುಬಿಡು ಎಂದು ಬರೆಯಬೇಡ. ಅನಾಥಳ ಹಾಗೆ ಬರಲು ನನಗೆ ಮನಸ್ಸಿಲ್ಲ.

ನಂದಾ ಒಳಗೆ ಕುಳಿತಳು ಎಂದು ಬರೆದ ಸಾಲನ್ನು ಮಾತ್ರ ಮತ್ತೆ ಮತ್ತೆ ಓದುತ್ತೇನೆ.

ಆರತಿ

---

ಉಪಾಧ್ಯೆ ತೋಟ
೨೪ ಸೆಪ್ಟೆಂಬರ್ ೨೦೦೬

ಅಕ್ಕಾ,

ದಾದಾ ಬರೆಯುವುದಿಲ್ಲ, ಅವನಿಗೆ ಕೈ ಬರುತ್ತಿಲ್ಲ. ಅದಕ್ಕೆ ನಾನು, ರೂಪಾಲಿ, ಬರೆಯುತ್ತಿದ್ದೇನೆ. ಗೋಕಾಕದವರು ಸಂಬಂಧ ಬಿಟ್ಟರು.

ಜಗಳ ಆಡಲಿಲ್ಲ. ನಡುವೆ ನಿಂತ ಕಾಕಾನ ಕಡೆಯಿಂದ "ಬ್ಯಾಡ ಅಂತ ಅಲ್ಲ, ಸದ್ಯಕ್ಕ ಬ್ಯಾಡ" ಎಂದು ಹೇಳಿ ಕಳಿಸಿದರು. ಆ ಹುಡುಗ ನನ್ನ ಸಂಗಡ ಫೋನಿನಲ್ಲಿ ಎಷ್ಟು ಸಲ ಮಾತಾಡಿದ್ದಾನೆ. ನನಗೆ ಯಾವ ಬಣ್ಣ ಸೇರುತ್ತದೆ, ಟೇಲರಿಂಗ್ ಮುಂದುವರಿಸುತ್ತೀಯೇನು ಎಂದೆಲ್ಲ ಕೇಳಿದ್ದಾನೆ. ಇದೊಂದು ಮಾತನ್ನು ಅವನೇ ಹೇಳಬಹುದಿತ್ತು. ಅಂಗಡಿಗೆ ಫೋನು ಮಾಡಿದೆ. ನನ್ನ ದನಿ ಗುರುತು ಸಿಕ್ಕ ಕೂಡಲೇ ಇಟ್ಟ.

ಅಕ್ಕಾ, ನೀವೆಲ್ಲ ಧೈರ್ಯ ಮಾಡಿದಿರಿ. ಅವ್ವ ಮಾಡಿದಳು, ನೀನು ಮಾಡಿದೆ, ಗೌರಕ್ಕ ಮಾಡಿದಳು, ಕಡೆಗೆ ದಾದಾನೂ ಮಾಡಿದ. ನನ್ನನ್ನು ಯಾರು ಕೇಳಿದಿರಿ? ಅವತ್ತು ಅವ್ವ ಹಿಡಿದದ್ದು ನನ್ನ ಹೆಗಲನ್ನೇ. ಶಾಲೆಗೆ ಯಾಕೆ ಹೊರಟಿದ್ದಾಳೆಂದು ನನಗೂ ಹೇಳಿರಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ ನನಗೇ ಗೊತ್ತಿಲ್ಲ. ಹೂಂ ಎಂದೇ ಅನ್ನುತ್ತಿದ್ದೆನೇನೋ. ಆದರೆ ಕೇಳಬೇಕಿತ್ತು.

ಅಂಥವನ ಮನೆ ತಪ್ಪಿದ್ದೇ ಒಳ್ಳೆಯದಾಯಿತು ಎಂದು ಬರೆಯಬೇಡ. ಎಲ್ಲರೂ ಅದನ್ನೇ ಹೇಳುತ್ತಿದ್ದಾರೆ. ನನಗೆ ಅವನು ಸೇರಿದ್ದ.

ನಂದಾ ದಿನಾ ಶಾಲೆಗೆ ಹೋಗುತ್ತಾಳೆ. ಬಿಟ್ಟು ಹೋದ ಮಕ್ಕಳಲ್ಲಿ ಹೆಚ್ಚಿನವರು ತಿರುಗಿ ಬಂದಿದ್ದಾರೆ. ಶೆಟ್ಟೆವ್ವನ ಮೊಮ್ಮಕ್ಕಳು ಬಂದಿಲ್ಲ. ಹೇಳಬೇಕಿದ್ದ ಸುದ್ದಿ, ಹೇಳಿದೆ.

ರೂಪಾಲಿ

---

ಉಪಾಧ್ಯೆ ತೋಟ
೧೦ ಡಿಸೆಂಬರ್ ೨೦೦೬

ಆರತಿ,

ರೂಪಾಲಿಗೆ ನೀನು ಉತ್ತರ ಬರೆಯಲಿಲ್ಲ. ಅವಳು ಕಾದಳು. ಕಾಯುತ್ತಿಲ್ಲ ಎಂದು ತೋರಿಸಿಕೊಳ್ಳುತ್ತಾ ಕಾದಳು.

ಕಾಡವ್ವ ಹೋದದ್ದು ನಿನಗೆ ಗೊತ್ತಾಗಿದೆ. ಕಬ್ಬು ಕಡಿಯುವಲ್ಲಿಗೆ ಹೋಗಿ ಬಂದವಳು ಎದೆ ನೋವು ಎಂದಳು, ಹುಕ್ಕೇರಿಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು. ನಂದಾಳನ್ನು ಗೌರಕ್ಕ ತನ್ನ ಮನೆಗೆ ಕರೆದುಕೊಂಡು ಹೋದಳು. ನಾವೆಲ್ಲ ಮುಂದೇನು ಎಂದು ಯೋಚಿಸುತ್ತಿರುವಾಗಲೇ ಒಂದು ಜೀಪು ಬಂತು. ಮಕ್ಕಳ ಕಲ್ಯಾಣದ ಕೆಲಸ ನೋಡುವ ಸಾಹೇಬರೊಬ್ಬರು. ಹೆಡ್‌ಮಾಸ್ತರು ತಿಳಿಸಿದ್ದರಂತೆ. ದೂರದ ಒಂದು ಜಿಲ್ಲೆಯಲ್ಲಿ "ಅಂಥ ಮಕ್ಕಳನ್ನ" ಇಡುವ ಆಶ್ರಮ ಇದೆ, ಇವತ್ತೇ ಒಯ್ಯುತ್ತೇವೆ, ಬಟ್ಟೆ ಕಟ್ಟಿ ಎಂದರು.

ಕೆಲವರಿಗೆ ಸಮಾಧಾನವಾಯಿತು. ಸುಳ್ಳು ಹೇಳುವುದಿಲ್ಲ, ಒಂದು ಗಳಿಗೆ ನನಗೂ ಆಯಿತು. ಅಲ್ಲಿ ಡಾಕ್ಟರು ಇರುತ್ತಾರೆ, ಊಟ ಇರುತ್ತದೆ, ಅವಳಂಥವರೇ ಇರುತ್ತಾರೆ. ಗೌರಕ್ಕ ಅಳುತ್ತಾ ಬಟ್ಟೆ ಮಡಚತೊಡಗಿದಳು. ಆಗ ರೂಪಾಲಿ ಬಂದು ಅವಳ ಕೈಯಿಂದ ಲಂಗ ಕಸಿದುಕೊಂಡಳು.

"ನಂದಾನ್ನ ಯಾರರ ಕೇಳೀರೇನ್ರಿ?" ಎಂದಳು ಸಾಹೇಬರಿಗೆ.

"ಸಣ್ಣ ಹುಡುಗಿ. ಅದಕ್ಕೇನು ತಿಳೀತದ?"

ರೂಪಾಲಿ ನೆಲದ ಮೇಲೆ ಕುಳಿತು ನಂದಾಳನ್ನು ಎದುರಿಗೆ ಕೂಡ್ರಿಸಿಕೊಂಡು ಕೇಳಿದಳು. "ನೀ ಹೇಳ. ಇವರ ಸಂಗಾಟ ಹೊಕ್ಕೀಯೋ, ಇಲ್ಲೇ ಇರತೀಯೋ? ನೀ ಏನ ಹೇಳಿದ್ರೂ ಯಾರೂ ಬೈಯಂಗಿಲ್ಲ."

ನಂದಾ ರೂಪಾಲಿಯ ಕೈಯಲ್ಲಿದ್ದ ತನ್ನ ಲಂಗ ಎಳೆದುಕೊಂಡಳು. "ಇಲ್ಲೇ ಇರತೇನ್ರಿ. ನಮ್ಮ ಆಡ ಈಯಾಕ ಬಂದೈತಿ."

ಸಾಹೇಬರು ನಕ್ಕುಬಿಟ್ಟರು. "ಒಂದ ಆಡಿನ ಸಲುವಾಗಿ ಸರಕಾರದ ಕೆಲಸ ನಿಲ್ಲಿಸಬೇಕೇನು?"

ಆರತಿ, ಆ ನಗೆ ಕೇಳಿ ನನಗೆ ಏನಾಯಿತೋ ತಿಳಿಯದು. ನನ್ನ ಜೀವಮಾನದಲ್ಲಿ ಸರಕಾರದವರ ಮುಂದೆ ದನಿ ಎತ್ತಿದವನಲ್ಲ. "ನಗಬ್ಯಾಡ್ರಿ" ಎಂದೆ. "ಈಕಿ ಅಪ್ಪ ಹಾಸಿಗ್ಯಾಗ ಬಿದ್ದು ಹೊರಳಾಡುವಾಗ ನಿಮ್ಮ ಜೀಪು ಬರಲಿಲ್ಲ. ಅವ್ವ ಸತ್ತಾಗ ಬರಲಿಲ್ಲ. ಸಾಲಿಂದ ಹೊರಗ ಹಾಕಿದಾಗ ಬರಲಿಲ್ಲ, ಹಾಕಿದವ್ರೊಳಗ ನಾನೂ ಒಬ್ಬ, ಆವಾಗ ಬಂದು ನನ್ನ ಹಿಡಕೊಂಡ ಹೋಗಬೇಕಾಗಿತ್ತು ನೀವು. ಈಗ ನಾವು ಅದೇವಿ ಅನ್ನೂ ಹೊತ್ತಿಗೆ ಒಯ್ಯಾಕ ಬಂದೀರಿ. ಆಕಿ ಇದ ಊರಾಗ ಹುಟ್ಯಾಳ, ಇದ ಊರಾಗ ಬೆಳೀತಾಳ."

"ಜವಾಬ್ದಾರಿ ಯಾರು ತಗೋತೀರಿ?" ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಗೌರಕ್ಕ "ನಾನು" ಎಂದಳು. ಅವ್ವ "ನಾನು" ಎಂದಳು. ಪೋಸ್ಟಿನ ಅಲ್ಲಪ್ಪ ಸೈಕಲ್ ಹಿಡಿದುಕೊಂಡೇ "ನನ್ನ ಹೆಸರೂ ಬರಕೋರಿ" ಎಂದ. ಆಮೇಲೆ ನಾಲ್ಕೈದು ಹೆಂಗಸರು. ಸಾಹೇಬರು ಎಲ್ಲರ ಸಹಿ, ಹೆಬ್ಬೆಟ್ಟು ತೆಗೆದುಕೊಂಡು, ತಿಂಗಳಿಗೊಮ್ಮೆ ಬಂದು ನೋಡುತ್ತೇವೆ ಎಂದು ಹೊರಟರು. ಬಂದು ನೋಡಲಿ.

ಹೀಗೆ ನಡೆದಿದೆ ಈಗ. ನಂದಾ ತನ್ನ ಮನೆಯಲ್ಲೇ ಇದ್ದಾಳೆ, ಒಂಟಿ ಜೀವ ಗೌರಕ್ಕ ತನ್ನ ಗಂಟುಮೂಟೆ ತಂದು ಅವಳ ಜೊತೆ ಇದ್ದುಬಿಟ್ಟಿದ್ದಾಳೆ. ಹಾಲು ನಮ್ಮ ಮನೆಯಿಂದ. ಶೇಂಗಾ, ಬೆಲ್ಲ, ಹಿಟ್ಟು ಒಂದೊಂದು ಮನೆಯಿಂದ. ಎಲ್ಲ ನೆಟ್ಟಗಾಯಿತು ಎಂದು ತಿಳಿಯಬೇಡ. ಶೆಟ್ಟೆವ್ವ ಇನ್ನೂ ನಮ್ಮ ಮನೆಯಲ್ಲಿ ನೀರು ಕುಡಿಯುವುದಿಲ್ಲ. ಹೆಡ್‌ಮಾಸ್ತರು ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ. ನಿನ್ನ ವೈನಿ ಹಾಲಿನ ತಂಬಿಗೆಯನ್ನು ತಾನೇ ಒಯ್ದು ಕೊಡುತ್ತಾಳೆ, ಆದರೆ ಹೊಸ್ತಿಲ ಹೊರಗೇ ನಿಂತು ಕೊಡುತ್ತಾಳೆ. ನಾನು ಅದರ ಬಗ್ಗೆ ಮಾತಾಡಿದ್ದೇನೆ. ಇನ್ನೂ ಮಾತಾಡುತ್ತೇನೆ.

ಹೋದ ವಾರದಿಂದ ನಂದಾ ಬಹಳ ಸೊರಗಿದ್ದಾಳೆ. ಬಾಯಲ್ಲಿ ಹುಣ್ಣು, ಊಟ ಸೇರುತ್ತಿಲ್ಲ. ಬೆಳಗಾವಿಯ ದೊಡ್ಡ ಆಸ್ಪತ್ರೆಯಲ್ಲಿ ಈ ರೋಗಕ್ಕೆ ಪುಕ್ಕಟೆ ಗುಳಿಗೆ ಸಿಗುತ್ತವೆ ಎಂದು ನೀನು ಹೇಳಿದ್ದೆ. ಹೇಗೆ ಹೋಗಬೇಕು, ಯಾರನ್ನು ಕಾಣಬೇಕು, ಬೇಗ ತಿಳಿಸು. ಫೋನು ಮಾಡಿದರೂ ನಡೆಯುತ್ತದೆ. ಪಡಸಾಲೆಯಲ್ಲೇ ನಿಂತು ಮಾತಾಡುತ್ತೇನೆ.

ನಿನ್ನ ಅಣ್ಣ
ಅರಿಹಂತ

---

ಮೂಡಲಗಿ
೨೧ ಜನವರಿ ೨೦೦೭

ದಾದಾ,

ಬೆಳಗಾವಿಯಿಂದ ರೂಪಾಲಿ ಮತ್ತು ನಂದಾ ನಿನ್ನೆ ಊರು ಮುಟ್ಟಿರಬೇಕು. ರೂಪಾಲಿ ಹೇಳಿರುತ್ತಾಳೆ, ಆದರೂ ಬರೆಯುತ್ತೇನೆ.

ರೂಪಾಲಿಗೆ ನಾನು ಎಷ್ಟೋ ಕಾಗದ ಬರೆದು ಹರಿದಿದ್ದೆ. ಏನು ಬರೆದರೂ ಅವಳು ಬೇಡ ಎಂದ ಮಾತೇ ಬರುತ್ತಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಅವಳು ನಂದಾಳನ್ನು ಎತ್ತಿಕೊಂಡು ಇಳಿದಾಗ ನಾನು, "ನಿನ್ನ ಕೇಳಬೇಕಾಗಿತ್ತು" ಎಂದೆ. ಅವಳು "ಹೌದು" ಎಂದಳು. ಆಮೇಲೆ ಚೀಲವನ್ನು ನನ್ನ ಕೈಗೆ ಕೊಟ್ಟಳು. ಇಬ್ಬರ ನಡುವೆ ಅಷ್ಟೇ ಮಾತು. ಅವಳ ದುಃಖ ಇನ್ನೂ ಇದೆ, ದಾದಾ. ಅವಸರ ಮಾಡಿ ಇನ್ನೊಂದು ಗಂಡು ಹುಡುಕಬೇಡ. ಟೇಲರಿಂಗ್ ಮುಂದೆ ಕಲಿಯಲು ಗೋಕಾಕಕ್ಕೆ ಹೋಗುತ್ತೇನೆ ಎನ್ನುತ್ತಾಳೆ. ಅದೇ ಗೋಕಾಕಕ್ಕೆ, ಆ ಅಂಗಡಿಯ ಮುಂದಿನ ರಸ್ತೆಯಲ್ಲೇ. ಹೋಗಲಿ ಬಿಡು.

ಆಸ್ಪತ್ರೆಯಲ್ಲಿ ರಕ್ತ ತಪಾಸಣೆ ಮಾಡಿ ನಂದಾಳಿಗೆ ಗುಳಿಗೆ ಶುರು ಮಾಡಿದರು. ನನಗೂ. ಡಾಕ್ಟರು ಬೇಗನೇ ಬರಬೇಕಿತ್ತು ಎಂದರು. ಊರೆಲ್ಲ ತಿರುಗಿ ಮಕ್ಕಳಿಗೆ ಔಷಧ ಕೊಡಿಸುತ್ತಾ ನನ್ನ ತಪಾಸಣೆಯನ್ನು ಮುಂದೂಡುತ್ತಾ ಬಂದಿದ್ದೆ. ದಿನಾ ಎರಡು ಹೊತ್ತು, ತಪ್ಪಿಸದೆ, ಜೀವ ಇರುವವರೆಗೆ ತೆಗೆದುಕೊಳ್ಳಬೇಕು. ಮೊದಲು ಕೆಲವು ದಿನ ತಲೆ ತಿರುಗುತ್ತದೆ, ವಾಂತಿ ಬರುತ್ತದೆ, ಗೌರಕ್ಕ ಹೆದರಿ ಬಿಡಿಸದ ಹಾಗೆ ನೋಡಿಕೊ. ನಂದಾ ಡಾಕ್ಟರನ್ನು ಕೇಳಿದಳು: "ಜೀವ ಇರೂ ಮಟಾ ಅಂದ್ರ ಭಾಳ ವರ್ಷ ಏನ್ರಿ?" ಅವರು, "ಭಾಳ ವರ್ಷ. ನೀ ಮುದುಕಿ ಆಗೂ ಮಟಾ" ಎಂದರು. ನಂದಾ ಆ ಮಾತಿಗೆ ಬೇಸರ ಮಾಡಿಕೊಂಡಳು, ಅಷ್ಟು ಗುಳಿಗೆ ನುಂಗಬೇಕಲ್ಲ ಎಂದು. ನಾನೂ ರೂಪಾಲಿಯೂ ಹೊರಗೆ ಬಂದು ಗೋಡೆ ಹಿಡಿದುಕೊಂಡು ಅತ್ತೆವು.

ಈಗ ಮುಖ್ಯ ವಿಷಯ. ಮೂಡಲಗಿಯ ಆಚೆ ಒಂದು ತೋಟದ ಶಾಲೆ. ಅಣ್ಣ, ತಂಗಿ, ಇಬ್ಬರು ಮಕ್ಕಳು. ತಂದೆ ಇಲ್ಲ, ತಾಯಿ ಹಾಸಿಗೆ ಹಿಡಿದಿದ್ದಾಳೆ. ಮಕ್ಕಳಿಗೆ ರೋಗವೂ ಇಲ್ಲ, ರಕ್ತ ತಪಾಸಣೆಯಲ್ಲಿ ಏನೂ ಬಂದಿಲ್ಲ. ಆದರೂ ದೀಪಾವಳಿಯಿಂದ ಶಾಲೆಯ ಒಳಗೆ ಬಿಟ್ಟಿಲ್ಲ. ಅಲ್ಲಿನ ಸಮಿತಿಯ ಅಧ್ಯಕ್ಷ ಹನಮಂತ ಎಂಬಾತ. ಕೆಟ್ಟವನಲ್ಲ. ಚಹಾ ಕೊಟ್ಟು, ಖುರ್ಚಿ ಹಾಕಿ, "ಜನ ತಣ್ಣಗಾಗ್ಲಿ ಬಾಯಾರ, ಆಮ್ಯಾಲೆ ನೋಡೂಣು" ಎಂದ. ಹೋದ ವರ್ಷ ನೀನು ನನಗೆ ಬರೆದದ್ದು ಅಕ್ಷರಕ್ಕೆ ಅಕ್ಷರ ಇದೇ. ನನಗೆ ನಗುವೂ ಬಂತು, ಆ ಖುರ್ಚಿಯನ್ನು ಎತ್ತಿ ಒಗೆಯಬೇಕು ಎಂದೂ ಅನ್ನಿಸಿತು. ಜನ ತಾವಾಗಿ ತಣ್ಣಗಾಗುವುದಿಲ್ಲ. ಅಷ್ಟರಲ್ಲಿ ಮಕ್ಕಳು ಅಕ್ಷರ ಮರೆಯುತ್ತಾರೆ.

ನನ್ನ ಮಾತು ಅವನಿಗೆ ತಾಗುವುದಿಲ್ಲ. ಸಂಸ್ಥೆಯವಳು, ಅದೂ ಆ ಬ್ಯಾನಿಯವಳು, ಹೇಳಿಯೇ ಹೇಳುತ್ತಾಳೆ ಎಂದುಕೊಳ್ಳುತ್ತಾನೆ. ನೀನು ಒಬ್ಬ ಅಧ್ಯಕ್ಷ. ಶಾಲೆ ಮುಚ್ಚಬಹುದು ಎಂದು ಹೆದರಿದವನು, ಅರ್ಧ ಶಾಲೆ ಖಾಲಿಯಾದದ್ದನ್ನು ಕಂಡವನು, ಆಮೇಲೆ ತುಂಬಿದ್ದನ್ನೂ ಕಂಡವನು. ಬರುವ ಸೋಮವಾರ, ೨೯ನೆಯ ತಾರೀಕು, ಅಲ್ಲಿ ಪಾಲಕರನ್ನು ಕೂಡಿಸುತ್ತಿದ್ದೇವೆ. ಬೆಳಗಿನ ಬಸ್ಸಿಗೆ ಬಾ. ನಾನು ಮೊದಲು ನನ್ನ ಬಾಯಿಂದ ನನ್ನ ಸುದ್ದಿ ಹೇಳುತ್ತೇನೆ. ಆಮೇಲೆ ನೀನು ಮಾತಾಡು.

ಮೆತ್ತಗೆ ಮಾತಾಡಬೇಡ. ಆ ಸಾಹೇಬರ ಮುಂದೆ ಆಡಿದ ಹಾಗೆ ಆಡು. ಅದಕ್ಕೇ ಹೇಳುತ್ತಿದ್ದೇನೆ, ಕಬ್ಬಿನ ಕೆಲಸ ಇದೆ, ಗಾಡಿ ಇಲ್ಲ ಎಂದು ಮುಂದಕ್ಕೆ ಹಾಕಬೇಡ. ನಿನ್ನ ಸಿಟ್ಟು ಆರುವ ಮೊದಲು ಬಾ.

ನಿನ್ನ ತಂಗಿ
ಆರತಿ